ಮೊಲೆಮ್, ಕೊಟಿಗಾಂವ್, ನೇತ್ರಾವಳಿ: ನೆಂಟರನ್ನ ಯಾವ ಕಾಡಿಗೆ ಕರ್ಕೊಂಡು ಹೋಗೋದು?

ಊರಿಂದ ನೆಂಟರು ಬಂದ್ರಂದ್ರ ಎರಡು ದಿನ ಬೀಚು, ಮೂರನೇ ದಿನ "ದೂಧಸಾಗರ ತೋರ್ಸಪಾ" ಅಂತಾರ, ಮಡಗಾಂವದಾಗ ಇರೋ ನಮ್ಮ ಹುಬ್ಬಳ್ಳಿ-ಧಾರವಾಡ ಮಂದಿಗೆ ಇದು ವರ್ಷಾ ಇದ್ದದ್ದ. ಗೋವಾದ ಈ ಮೂರೂ ಕಾಡು ತಿರುಗಾಡಿ ನೋಡೀನಿ, ಹಂಗಾಗಿ ಹೇಳ್ತೀನಿ. ಆದ್ರ ಹುಲಿ ಚಿರತಿ ಆಸೆ ಇಟ್ಕೊಂಡು ಯಾವ್ದಕ್ಕೂ ಹೋಗಬ್ಯಾಡ್ರಿ, ಘಟ್ಟದ ಕಾಡು ಎಷ್ಟು ದಟ್ಟ ಅಂದ್ರ ಗೋವಾದ ರಾಜ್ಯಪ್ರಾಣಿ ಕಾಡುಕೋಣ ರಸ್ತೆ ಪಕ್ಕಕ್ಕ ನಿಂತಿದ್ರೂ ಗೊತ್ತಾಗಂಗಿಲ್ಲ.

ಮೊಲೆಮ್ ದೊಡ್ಡದು, ಭಗವಾನ್ ಮಹಾವೀರ ಅಭಯಾರಣ್ಯ ಮತ್ತ ನ್ಯಾಷನಲ್ ಪಾರ್ಕ್ ಸೇರಿ 240 ಚದರ ಕಿಲೋಮೀಟರ್. ಎಲ್ಲಾರೂ ಬರೋದು ಮಾತ್ರ 310 ಮೀಟರಿನ ದೂಧಸಾಗರಕ್ಕ. ಕುಳೆಂದಿಂದ ಜೀಪು, ಹಳ್ಳ ದಾಟ್ಕೋತ ಕುಲುಕಾಡ್ಕೋತ ಹೋಗೋದು ಮಜಾನ ಐತಿ ಖರೆ, ಆದ್ರ ಲೈಫ್ ಜಾಕೆಟ್ ಹಾಕ್ಕೊಂಡ ಮಂದಿ ನಡುವ ನೀರು ಕಾಣೋದು ಕಮ್ಮಿ, ಕೊಡೋ ಟೈಮೂ ಕಮ್ಮಿ, ರಜಾ ದಿನ ಅಂತೂ ಜೀಪಿನ ಪಾಳಿಯೊಳಗ ಅರ್ಧ ದಿನ ಹೋಗತೈತಿ. ಮಳೆಗಾಲದಾಗ ಜಲಪಾತ ಭರ್ತಿ ಇರ್ತೈತಿ ಆದ್ರ ಆವಾಗ ಜೀಪು ಬಂದ್, ಹಳಿ ಮ್ಯಾಲ ನಡೆಯೋದಕ್ಕೂ ಬಿಡಂಗಿಲ್ಲ. ಆಗ ಕ್ಯಾಸಲ್‌ರಾಕ್ ಕಡೆಯಿಂದ ಇಳಿಯೋ ರೈಲಿನ ಕಿಟಕಿನ ಗತಿ, ನನ್ನ ಕೇಳಿದ್ರ ಅದ ಛಲೋ.

ಅಲ್ಲೇ ಕಾಡಿನೊಳಗಿರೋ ತಾಂಬ್ಡಿ ಸುರ್ಲಾ ಮಹಾದೇವ ಗುಡಿ ಬಿಡಬ್ಯಾಡ್ರಿ. ಕದಂಬರ ಕಾಲದ್ದು, ಸಣ್ಣ ಕರಿಕಲ್ಲಿನ ಗುಡಿ, ಪಕ್ಕದಾಗ ಹಳ್ಳ. ಗೋವಾದಾಗ ಎಲ್ಲಿ ನೋಡಿದ್ರೂ ಕೆಂಪು ಜಂಬಿಟ್ಟಿಗೆ, ಇಲ್ಲಿ ನೋಡಿದ್ರ ಬಸಾಲ್ಟ್. ಕಿತ್ತೂರ ಹತ್ರ ದೇಗಾಂವಿ ಕಮಲನಾರಾಯಣ ಗುಡಿ ಕಟ್ಟಿಸಿದ್ದೂ ಇದೇ ಗೋವಾ ಕದಂಬರು, ಅದನ್ನ ನೋಡಿದವರಿಗೆ ಇದು ನಮ್ಮದ ಅನ್ನಿಸ್ತೈತಿ. ನಮ್ಮ ಅವ್ವ ಜಲಪಾತ ಮರ್ತಾಳ, ಈ ಗುಡಿ ಮರ್ತಿಲ್ಲ.

ಕೊಟಿಗಾಂವ್ ಪೂರಾ ಬ್ಯಾರೆ. ಕಾಣಕೋಣ ತಾಲೂಕು, 86 ಚದರ ಕಿಲೋಮೀಟರ್, ಕಾರವಾರ ಹೈವೇ ಬಿಟ್ಟು ಸ್ವಲ್ಪ ಒಳಗ ಹೋದ್ರ ಗೇಟು. ಜೀಪಿನ ಗದ್ದಲಿಲ್ಲ, ನಡಕೊಂಡು ಹೋಗೋ ದಾರಿ, ಮರದ ಮ್ಯಾಲ ವಾಚ್ ಟವರ್. ಬೆಳಿಗ್ಗೆ ಗೇಟ್ ತಗದ ಕೂಡ್ಲೇ ಹೋಗಿ ಸುಮ್ನ ಕುಂತ್ರ ಮಲಬಾರ್ ದೊಡ್ಡ ಅಳಿಲು ಕೊಂಬಿಂದ ಕೊಂಬಿಗೆ ಜಿಗಿಯೋದು ಕಾಣತೈತಿ, ಆದ್ರ ಸುಮ್ನ ಕುಂದ್ರೋ ನೆಂಟರು ಬೇಕಲ್ಲ! ಮಕ್ಕಳು ಅರ್ಧ ತಾಸಿಗೆ "ಇಲ್ಲೇನೂ ಇಲ್ಲ" ಅಂತ ಶುರು ಮಾಡಿದ್ವು, ಪಾಳೊಳೆಂ ಬೀಚಿಗೆ ಕರ್ಕೊಂಡು ಹೋಗಿ ಸಮಾಧಾನ ಮಾಡಿದ್ದಾತು. ಊಟ, ನೀರು ಕಟ್ಕೊಂಡ ಹೋಗ್ರಿ.

ನೇತ್ರಾವಳಿ ಸಾಂಗೆ ಕಡೆ, 1999ರಾಗ ಅಭಯಾರಣ್ಯ ಆಗಿದ್ದು. ಸಾವರಿ ಜಲಪಾತಕ್ಕ ಸ್ವಲ್ಪ ನಡಿಬೇಕು, ಮಳೆಗಾಲದಾಗ ಜಿಗಣಿ ಕಾಟ. ನನಗ ಸೇರಿದ್ದು ಗೋಪೀನಾಥ ಗುಡಿ ಮುಂದಿನ ಬುಡ್‌ಬುಡ್ ತಳಿ, ಕೊಳದ ತಳದಿಂದ ಒಂದೇ ಸಮ ಗುಳ್ಳಿ ಏಳ್ತಾವ, ಚಪ್ಪಾಳಿ ಹೊಡದ್ರ ಜಾಸ್ತಿ ಆಗ್ತಾವ ಅಂತ ಊರವರು ಅಂತಾರ. ನಮ್ಮ ಹುಡುಗ್ರು ಕೈ ಕೆಂಪಾಗೋ ತನಕ ಹೊಡದ್ವು, ನನಗಂತೂ ಫರಕ್ ಕಾಣ್ಲಿಲ್ಲ.

ನಾನು ಈಗ ನೆಂಟರಿಗೆ ಮೊದ್ಲ ಕೇಳೋದು ಯಾವ ಘಟ್ಟ ಇಳದು ಬರ್ತೀರಿ ಅಂತ. ರಾಮನಗರ, ಅನಮೋಡ ಮ್ಯಾಲಿಂದ ಬರೋರಿಗೆ ಮೊಲೆಮ್ ದಾರಿಯೊಳಗ ಸಿಗತೈತಿ, ಬರುವಾಗ್ಲೇ ತಾಂಬ್ಡಿ ಸುರ್ಲಾ ಮುಗಿಸ್ಕೊಂಡು ಬರ್ರಿ ಅಂತೀನಿ. ಅಂಕೋಲಾ, ಕಾರವಾರ ಮ್ಯಾಲಿಂದ ಬರೋರಿಗೆ ಕೊಟಿಗಾಂವ್. ನೇತ್ರಾವಳಿ ಎರಡೂ ಹೈವೇ ಮ್ಯಾಲಿಲ್ಲ, ಅದು ಇಲ್ಲೇ ಇರೋ ನಮಗ ಭಾನುವಾರದ ಊಟದ ಡಬ್ಬಿ ಹಿಡ್ಕೊಂಡು ಹೋಗೋ ಜಾಗ. ತೀರಾ ಸಣ್ಣ ಮಕ್ಕಳಿದ್ರ ಈ ಮೂರೂ ಬ್ಯಾಡ, ಬೋಂಡ್ಲಾ ಝೂಕ್ಕ ಹೋಗ್ರಿ, ಗುರುವಾರ ಮಾತ್ರ ಅದು ಬಂದ್ ಇರ್ತೈತಿ.