30 ವೋಲ್ಟ್, 5 ಆಂಪಿಯರ್ ಲೀನಿಯರ್ ಪವರ್ ಸಪ್ಲೈ: ಬಳಸಿ ಕಂಡದ್ದು

ನನ್ನ ಮೇಜಿನ ಮೇಲೆ ಈಗಿರುವುದು 0ಯಿಂದ 30 ವೋಲ್ಟ್ ಮತ್ತು ಗರಿಷ್ಠ 5 ಆಂಪಿಯರ್ ಕೊಡುವ, ಒಂದೇ ಔಟ್‌ಪುಟ್ ಉಳ್ಳ ಲೀನಿಯರ್ ಪವರ್ ಸಪ್ಲೈ, ಅಂದರೆ ಎಲೆಕ್ಟ್ರಾನಿಕ್ ಮಂಡಲಗಳಿಗೆ ಬೇಕಾದ ವೋಲ್ಟೇಜನ್ನು ಹೊಂದಿಸಿ ಕೊಡುವ ಉಪಕರಣ. ಇದಕ್ಕೆ ಮೊದಲು ಅದೇ ಸಾಮರ್ಥ್ಯದ, ಆದರೆ ವಿದ್ಯುತ್ತನ್ನು ಅತಿವೇಗವಾಗಿ ಆನ್-ಆಫ್ ಮಾಡುತ್ತ ವೋಲ್ಟೇಜನ್ನು ನಿಯಂತ್ರಿಸುವ ಸ್ವಿಚಿಂಗ್ ಮಾದರಿಯ ಹಗುರವಾದ ಸಪ್ಲೈಯೊಂದನ್ನು ಬಳಸುತ್ತಿದ್ದೆ. ಮುಂಭಾಗದಲ್ಲಿ ಅಚ್ಚಾಗಿರುವ ಅಂಕಿಗಳನ್ನಷ್ಟೇ ನೋಡಿದರೆ ಇವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಹೊಸದಾಗಿ ಬೆಸುಗೆ ಹಾಕಿದ ಬೋರ್ಡಿಗೆ ಮೊದಲ ಬಾರಿ ವಿದ್ಯುತ್ ಕೊಡುವಾಗ ನಾವು ನಂಬುವುದು ಗರಿಷ್ಠ ವೋಲ್ಟೇಜನ್ನಲ್ಲ, ಕರೆಂಟ್ ಮಿತಿಯನ್ನು, ಅಂದರೆ ನಾವು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕರೆಂಟ್ ಹರಿಯದಂತೆ ತಡೆಯುವ ವ್ಯವಸ್ಥೆಯನ್ನು. ಆ ನಂಬಿಕೆಗೆ ಯಾವುದು ಎಷ್ಟು ಅರ್ಹ ಎಂಬುದು ಬಳಕೆಯಲ್ಲಿ ಮಾತ್ರ ತಿಳಿಯುತ್ತದೆ.

ಹಳೆಯ ಸಪ್ಲೈಯಲ್ಲಿ ಒಮ್ಮೆ ವೋಲ್ಟೇಜನ್ನು 30ರಲ್ಲಿಯೇ ಬಿಟ್ಟು, ಕರೆಂಟ್ ಮಿತಿಯನ್ನು 20 ಮಿಲಿಆಂಪಿಯರ್‌ಗೆ ಇಳಿಸಿ, ಒಂದು ಎಲ್‌ಇಡಿಯನ್ನು ನೇರವಾಗಿ ಜೋಡಿಸಿದೆ. ಮಿತಿ ಸರಿಯಾಗಿದ್ದರೂ ಎಲ್‌ಇಡಿ ಕ್ಷಣದಲ್ಲಿ ಸುಟ್ಟಿತು. ಕಾರಣ ಸರಳ: ಮಿತಿ ಹೇರುವ ಮಂಡಲದ ಆಚೆಗೆ, ಔಟ್‌ಪುಟ್ ಟರ್ಮಿನಲ್‌ಗಳಿಗೆ ಅಡ್ಡಲಾಗಿ ಕೆಪಾಸಿಟರ್ ಇರುತ್ತದೆ, ಮತ್ತು ಅದರಲ್ಲಿ ಮೊದಲೇ ತುಂಬಿಕೊಂಡಿರುವ ವಿದ್ಯುದಂಶವನ್ನು ಯಾವ ಮಿತಿಯೂ ತಡೆಯುವುದಿಲ್ಲ. 470 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 30 ವೋಲ್ಟಿನಲ್ಲಿ ಸುಮಾರು 0.21 ಜೂಲ್ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. ಸಣ್ಣ ಎಲ್‌ಇಡಿಗಾಗಲಿ ಲೇಸರ್ ಡಯೋಡಿಗಾಗಲಿ ಅದು ಬಹಳ ಹೆಚ್ಚಾಯಿತು. ಕೊಳ್ಳುವ ಮುನ್ನ ಸಾಧ್ಯವಾದರೆ ಹೋದರೂ ಚಿಂತೆಯಿಲ್ಲದ ಒಂದು ಎಲ್‌ಇಡಿಯಿಂದ ಇದೇ ಪರೀಕ್ಷೆಯನ್ನು ಮಾಡಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಹೊಸ ಸಪ್ಲೈಯಲ್ಲಿ ಎಲ್‌ಇಡಿ ಉಳಿಯಿತು. ಆದರೂ ಔಟ್‌ಪುಟ್ ಆಫ್ ಮಾಡಿ, ತಂತಿ ಜೋಡಿಸಿ, ಆಮೇಲೆ ಆನ್ ಮಾಡುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಈ ಅಭ್ಯಾಸಕ್ಕೆ ಔಟ್‌ಪುಟ್‌ಗೆಂದೇ ಪ್ರತ್ಯೇಕ ಬಟನ್ ಬೇಕು. ಹಳೆಯದರಲ್ಲಿ ಅದು ಇರಲಿಲ್ಲ. ಕರೆಂಟ್ ಮಿತಿ ಎಷ್ಟಿದೆಯೆಂದು ತಿಳಿಯಲು ಎರಡೂ ಟರ್ಮಿನಲ್‌ಗಳನ್ನು ಶಾರ್ಟ್ ಮಾಡಿ ನೋಡಬೇಕಾಗಿತ್ತು. ಹೊಸದು ಔಟ್‌ಪುಟ್ ಆಫ್ ಇರುವಾಗ ನಿಗದಿಪಡಿಸಿದ ವೋಲ್ಟೇಜ್ ಮತ್ತು ಕರೆಂಟ್ ಮಿತಿಯನ್ನೂ, ಆನ್ ಇರುವಾಗ ನಿಜವಾಗಿ ಹರಿಯುತ್ತಿರುವುದನ್ನೂ ತೋರಿಸುತ್ತದೆ. 10 ಮಿಲಿವೋಲ್ಟ್ ಮತ್ತು 1 ಮಿಲಿಆಂಪಿಯರ್ ಹೆಜ್ಜೆಗಳಲ್ಲಿ ಹೊಂದಿಸಬಹುದು, ನನ್ನ ಕೆಲಸಕ್ಕೆ ಇಷ್ಟು ಸಾಕು. ನಿದ್ರಾಸ್ಥಿತಿಯಲ್ಲಿರುವ ಮೈಕ್ರೋಕಂಟ್ರೋಲರ್ ಬಳಸುವ ಕೆಲವೇ ಮೈಕ್ರೋಆಂಪಿಯರ್‌ಗಳು ಮಾತ್ರ ಇಲ್ಲಿ ಸೊನ್ನೆಯಾಗಿ ಕಾಣುತ್ತವೆ, ಅದಕ್ಕೆ ಮಲ್ಟಿಮೀಟರನ್ನೇ ಆಶ್ರಯಿಸಬೇಕು.

ಲೀನಿಯರ್ ಮಾದರಿಯ ತೂಕವೂ ಬಿಸಿಯೂ ತಪ್ಪಿದ್ದಲ್ಲ. ಒಳಗಿನ ವೋಲ್ಟೇಜಿಗೂ ನಾವು ಕೇಳಿದ ವೋಲ್ಟೇಜಿಗೂ ಇರುವ ಅಂತರವೆಲ್ಲ ಟ್ರಾನ್ಸಿಸ್ಟರಿನಲ್ಲಿ ಶಾಖವಾಗಿ ಕಳೆದುಹೋಗುತ್ತದೆ: ಒಳಗೆ 40 ವೋಲ್ಟ್ ಇದ್ದು ಹೊರಗೆ 3.3 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 180 ವ್ಯಾಟ್‌ಗೂ ಹೆಚ್ಚು. ಅದನ್ನು ತಗ್ಗಿಸಲೆಂದೇ ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಹಲವು ಟ್ಯಾಪ್‌ಗಳನ್ನು (ನಡುನಡುವೆ ಹೊರತೆಗೆದ ತಂತಿತುದಿಗಳನ್ನು) ಕೊಟ್ಟು, ವೋಲ್ಟೇಜ್ ಏರಿದಂತೆ ರಿಲೇಗಳ (ವಿದ್ಯುತ್ತಿನಿಂದ ನಡೆಯುವ ಸ್ವಿಚ್‌ಗಳ) ಮೂಲಕ ಅವನ್ನು ಬದಲಿಸುತ್ತಾರೆ. ನಾಬ್ ತಿರುಗಿಸುವಾಗ ಒಳಗಿನಿಂದ ಕೇಳಿಬರುವ ಟಕ್ಕೆಂಬ ಸದ್ದು ಅದರದ್ದೇ, ದೋಷವಲ್ಲ. ಇಷ್ಟೆಲ್ಲ ಸಹಿಸಿದ್ದಕ್ಕೆ ಸಿಗುವ ಪ್ರತಿಫಲ ಔಟ್‌ಪುಟ್‌ನ ಶುದ್ಧತೆ. ಮೈಕ್ರೊಫೋನಿನ ಪ್ರಿಆಂಪ್ಲಿಫೈಯರ್ ಒಂದನ್ನು ಪರೀಕ್ಷಿಸುವಾಗ ಹಳೆಯ ಸಪ್ಲೈಯ ಸ್ವಿಚಿಂಗ್ ಮುಳ್ಳುಗಳು (ವೋಲ್ಟೇಜಿನ ಚೂಪಾದ ಏರಿಳಿತಗಳು) ಆಸಿಲೋಸ್ಕೋಪಿನಲ್ಲಿ ಸಂಕೇತದ ಮೇಲೆಯೇ ಕುಳಿತಿದ್ದವು, ತಪ್ಪು ನನ್ನ ಮಂಡಲದ್ದೋ ಸಪ್ಲೈಯದ್ದೋ ಎಂದು ಹುಡುಕುತ್ತ ಒಂದು ಸಂಜೆಯೇ ಕಳೆಯಿತು. ಲೀನಿಯರ್ ಸಪ್ಲೈ ಜೋಡಿಸಿದಾಗ ಅವು ಮಾಯವಾದವು.

ಜೊತೆಗೆ ಬಂದ ತಂತಿಗಳು ತೀರ ತೆಳುವಾಗಿವೆ. ಹೋಗಿ ಬರುವ ಎರಡೂ ತಂತಿಗಳ ರೋಧ ಒಟ್ಟು 0.1 ಓಮ್ ಇದ್ದರೂ 3 ಆಂಪಿಯರ್ ಹರಿಯುವಾಗ 0.3 ವೋಲ್ಟ್ ದಾರಿಯಲ್ಲೇ ಕಳೆದು, ಬೋರ್ಡಿಗೆ 5ರ ಬದಲು 4.7 ವೋಲ್ಟ್ ತಲುಪುತ್ತದೆ. ರಿಮೋಟ್ ಸೆನ್ಸ್ ಟರ್ಮಿನಲ್‌ಗಳಿರುವ ಸಪ್ಲೈ ಈ ನಷ್ಟವನ್ನು ತಾನೇ ಅಳೆದು ತುಂಬಿಕೊಡುತ್ತದೆ. ನನ್ನದರಲ್ಲಿ ಅವಿಲ್ಲವಾದ್ದರಿಂದ ದಪ್ಪ ತಂತಿಗಳನ್ನು ನಾನೇ ಮಾಡಿಕೊಂಡೆ.

ನನಗಿರುವ ನಿಜವಾದ ಅಸಮಾಧಾನ ಒಂದೇ ಔಟ್‌ಪುಟ್ ಇರುವುದರ ಬಗ್ಗೆ. ಆಪ್‌ಆಂಪ್ (ಸಂಕೇತವನ್ನು ವರ್ಧಿಸುವ ಐಸಿ) ಮಂಡಲಗಳಿಗೆ ಧನ 15 ಮತ್ತು ಋಣ 15 ವೋಲ್ಟ್ ಬೇಕಾದಾಗ ಪರಸ್ಪರ ಸಂಪರ್ಕವಿಲ್ಲದ ಎರಡು ಔಟ್‌ಪುಟ್‌ಗಳನ್ನು ಸರಣಿಯಲ್ಲಿ ಜೋಡಿಸಿ, ನಡುವಿನ ಬಿಂದುವನ್ನು ಸೊನ್ನೆಯೆಂದು ತೆಗೆದುಕೊಳ್ಳಬೇಕಾಗುತ್ತದೆ. ಆದರೆ ಹಲವು ಔಟ್‌ಪುಟ್‌ಗಳಿದ್ದ ಮಾತ್ರಕ್ಕೆ ಅವೆಲ್ಲ ಬೇರೆಬೇರೆಯಾಗಿರುತ್ತವೆ ಎಂದುಕೊಳ್ಳಬಾರದು. ರಿಗೋಲ್ ಡಿಪಿ832 ಎಂಬ ಪವರ್ ಸಪ್ಲೈಯಲ್ಲಿ 30 ವೋಲ್ಟ್, 3 ಆಂಪಿಯರಿನ ಎರಡು ಮತ್ತು 5 ವೋಲ್ಟ್, 3 ಆಂಪಿಯರಿನ ಒಂದು ಔಟ್‌ಪುಟ್ ಇದ್ದು, ಎರಡನೆಯದು ಮತ್ತು ಮೂರನೆಯದು ಒಂದೇ ಋಣ ತುದಿಯನ್ನು ಹಂಚಿಕೊಳ್ಳುತ್ತವೆ. ಮೊದಲನೆಯದು ಮಾತ್ರ ಪ್ರತ್ಯೇಕ. ಇಂತಹ ವಿವರ ಕೈಪಿಡಿಯಲ್ಲಿ ಇರುತ್ತದೆ, ಕೊಳ್ಳುವ ಮೊದಲೇ ಓದಬೇಕು.

ಮತ್ತೊಮ್ಮೆ ಕೊಳ್ಳುವುದಾದರೆ ಇದೇ ಮಾದರಿಯನ್ನು ಎರಡು ಪ್ರತ್ಯೇಕ ಔಟ್‌ಪುಟ್‌ಗಳೊಂದಿಗೆ ಕೊಳ್ಳುತ್ತೇನೆ, ಅದಕ್ಕಾಗಿ ಆಂಪಿಯರ್ 5ರಿಂದ 3ಕ್ಕೆ ಇಳಿದರೂ ಒಪ್ಪಿಕೊಳ್ಳುತ್ತೇನೆ. ಹಳೆಯ ಸ್ವಿಚಿಂಗ್ ಸಪ್ಲೈಯನ್ನು ಎಸೆದಿಲ್ಲ. ಮೋಟಾರ್‌ಗಳನ್ನೂ ಎಲ್‌ಇಡಿ ಪಟ್ಟಿಗಳನ್ನೂ ನಡೆಸಲು ಅದು ಈಗಲೂ ಚೆನ್ನಾಗಿಯೇ ಇದೆ.