ಜಿಪ್ ಆರ್-ಶೀದಿಂಗ್: ಹಲಗೆ ಒಳ್ಳೆಯದೇ, ಎಡವುವುದು ದಪ್ಪ ಆರಿಸುವಾಗ

ಹ್ಯೂಬರ್ ಕಂಪನಿಯ ಜಿಪ್ ಸಿಸ್ಟಮ್ ಆರ್-ಶೀದಿಂಗ್ ಎಂದರೆ ಹೊರಗೋಡೆಯ ಚೌಕಟ್ಟಿಗೆ ಹೊದಿಸುವ ಹಲಗೆ: 7/16 ಇಂಚಿನ ಓಎಸ್‌ಬಿ (ಮರದ ಚಕ್ಕೆಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ), ಅದರ ಬೆನ್ನಿಗೆ ಕಾರ್ಖಾನೆಯಲ್ಲೇ ಅಂಟಿಸಿದ ಪಾಲಿಐಸೊ ಎಂಬ ಗಟ್ಟಿ ಫೋಮ್. ಹಸಿರು ಮುಖ ಮಳೆಯ ಕಡೆಗೆ, ಫೋಮ್ ಸ್ಟಡ್ (ಗೋಡೆಯೊಳಗಿನ ಮರದ ಕಂಬ) ಕಡೆಗೆ. ಒಟ್ಟು ದಪ್ಪ 1, 1½, 2 ಅಥವಾ 2½ ಇಂಚು; ಶಾಖ ನಿರೋಧ (ಆರ್ ಸಂಖ್ಯೆ ದೊಡ್ಡದಾದಷ್ಟೂ ಹೆಚ್ಚು) ಕ್ರಮವಾಗಿ ಆರ್-3.6, 6.6, 9.6, 12.6.

ಅಮೆರಿಕದ ಮರದ ಚೌಕಟ್ಟಿನ ಮನೆಗೆ ಇದು ಯಾಕೆ ಬೇಕು? 5½ ಇಂಚು ಆಳದ 2x6 ಸ್ಟಡ್‌ಗಳ ನಡುವೆ ಆರ್-21 ಗಾಜುನಾರಿನ ಹಾಸು (ಫೈಬರ್‌ಗ್ಲಾಸ್) ತುಂಬಿದರೂ ಸ್ಟಡ್ ಇರುವ ಜಾಗದಲ್ಲಿ ಸಿಗುವುದು ಆರ್-7ರ ಆಸುಪಾಸು. ಮೂಲೆ, ಕಿಟಕಿ ಸುತ್ತ, ಪ್ಲೇಟು (ಗೋಡೆಯ ತಲೆ-ಬುಡದಲ್ಲಿ ಮಲಗಿಸಿದ ಮರ) ಎಲ್ಲ ಲೆಕ್ಕ ಹಾಕಿದರೆ ಗೋಡೆಯ ಕಾಲುಭಾಗದಷ್ಟು ಬರೀ ಮರವೇ. ಆ ಮರದ ಮೂಲಕ ಶಾಖ ಸೋರುವುದಕ್ಕೆ ಫೋಮ್ ಅಡ್ಡ ನಿಲ್ಲುತ್ತದೆ.

ಚಿಕಾಗೊ ಕಡೆ ಮನೆ ಕಟ್ಟಿಸುವವರು ಸಾಮಾನ್ಯವಾಗಿ ಎಡವುವುದು ದಪ್ಪ ಆರಿಸುವಾಗ. 2021ರ ಇಂಧನ ಸಂಹಿತೆ ಅಲ್ಲಿನ ಗೋಡೆಗೆ ಕೊಡುವ ಆಯ್ಕೆಗಳಲ್ಲೊಂದು ಆರ್-20 ಜೊತೆಗೆ ಆರ್-5 ಹೊದಿಕೆ. ಹಾಗಾಗಿ 1½ ಇಂಚಿನ ಹಲಗೆ ಸಾಕೆನಿಸುತ್ತದೆ. ಆದರೆ ಒಳಗೆ ಆವಿತಡೆಯಾಗಿ ಬಣ್ಣ ಬಳಿದ ಡ್ರೈವಾಲ್ (ಜಿಪ್ಸಮ್ ಹಲಗೆ) ಮಾತ್ರ ಇದ್ದರೆ, ವಸತಿ ಸಂಹಿತೆ ಚಿಕಾಗೊ ಇರುವ 5ನೇ ಹವಾಮಾನ ವಲಯದಲ್ಲಿ 2x6 ಗೋಡೆಯ ಹೊದಿಕೆಗೆ ಕನಿಷ್ಠ ಆರ್-7.5 ಕೇಳುತ್ತದೆ, ಮಿನಿಯಾಪೊಲಿಸ್‌ನ 6ನೇ ವಲಯದಲ್ಲಿ ಆರ್-11.25. ಕಡಿಮೆಯಾದರೆ ಚಳಿಗಾಲದಲ್ಲಿ ಅಡುಗೆಮನೆ, ಬಚ್ಚಲುಮನೆಯ ಆವಿ ಗಾಜುನಾರಿನ ಹಾಸು ದಾಟಿ ಬಂದು ಫೋಮಿನ ತಣ್ಣನೆಯ ಒಳಮುಖದ ಮೇಲೆ ನೀರಾಗುತ್ತದೆ, ಬುಡದ ಪ್ಲೇಟಿಗೆ ಇಳಿಯುತ್ತದೆ. ಚಿಕಾಗೊಗೆ ನನ್ನ ಆಯ್ಕೆ 2 ಇಂಚಿನದು. 1½ ಇಂಚಿನದೇ ಬೇಕೆಂದರೆ ಗಾಜುನಾರಿನ ಹಾಸಿಗೆ ಆವಿ ತಡೆಯುವ ಕ್ರಾಫ್ಟ್ ಕಾಗದದ ಮುಖ ಇರಲಿ.

ಮೊಳೆಯ ವಿಷಯದಲ್ಲಿ ಉದಾಸೀನ ಬೇಡ. ಹಲಗೆಗೂ ಸ್ಟಡ್‌ಗೂ ನಡುವೆ ಫೋಮ್ ಇರುವುದರಿಂದ ಪಕ್ಕದಿಂದ ಗಾಳಿ ನೂಕಿದಾಗ ಮೊಳೆ ಬಾಗುತ್ತದೆ. ಸಾದಾ ಓಎಸ್‌ಬಿಯಷ್ಟು ಬಲ ಸಿಗುವುದಿಲ್ಲ. ಅದಕ್ಕೇ ಅಂಚುಗಳಲ್ಲಿ ಮೊಳೆ ಹತ್ತಿರ ಹತ್ತಿರ ಬೀಳಬೇಕು, ಮರದೊಳಗೆ 1½ ಇಂಚು ಇಳಿಯಬೇಕು. 2 ಇಂಚಿನ ಹಲಗೆಗೆ 3½ ಇಂಚಿನ ಮೊಳೆ, ಸಾಮಾನ್ಯ ಮೊಳೆ ಗನ್ನಿನ ಮಿತಿಯೂ ಅಷ್ಟೇ. 2½ ಇಂಚಿನದಕ್ಕೆ 4 ಇಂಚಿನ ಮೊಳೆ, ಬೇರೆ ಗನ್ ಬೇಕು. 7¼ ಇಂಚಿನ ವೃತ್ತ ಗರಗಸವೂ ಆ ಹಲಗೆಯನ್ನು ಒಂದೇ ಏಟಿಗೆ ಸೀಳಲು ತಿಣುಕುತ್ತದೆ. ಅಷ್ಟು ನಿರೋಧ ಬೇಕಿದ್ದರೆ ಸಾದಾ ಜಿಪ್ ಹಲಗೆಯ ಹೊರಗೆ ಖನಿಜ ಉಣ್ಣೆ ಹೊದಿಸುವುದೇ ವಾಸಿ, ಓಎಸ್‌ಬಿಯೂ ಬೆಚ್ಚಗಿರುತ್ತದೆ.

ಗನ್ನಿನ ಒತ್ತಡ ಹೆಚ್ಚಾದರೆ ಮೊಳೆತಲೆ ಹಸಿರು ಪದರ ಸೀಳಿ ಒಳಗಿಳಿಯುತ್ತದೆ. ಹಾಗೆ ಆಳಕ್ಕೆ ಇಳಿದ ತೂತಿಗೆ ಟೇಪ್ ಅಥವಾ ಲಿಕ್ವಿಡ್ ಫ್ಲಾಶ್ (ಬಳಿದು ಮುಚ್ಚುವ ದ್ರವ) ಬೇಕು. ಹಲಗೆಗಳ ಸಂದಿಯ ಟೇಪನ್ನು ಅಂಗೈಯಿಂದ ಸವರಿ ಬಿಟ್ಟರೆ ಸಾಲದು: ಅದರ ಅಂಟು ಹಿಡಿಯುವುದೇ ಒತ್ತಡದಿಂದ, ರೋಲರ್ ಉರುಳಿಸಲೇಬೇಕು.

ಕಿಟಕಿಯ ಫ್ಲ್ಯಾಂಜ್ (ಮೊಳೆ ಹೊಡೆಯುವ ಅಂಚುಪಟ್ಟಿ) ನೇರ ಓಎಸ್‌ಬಿ ಮೇಲೆ ಕೂರುವುದು ದೊಡ್ಡ ಅನುಕೂಲ. ಹೊರಗೆ ಫೋಮ್ ಹೊದಿಸುವ ಗೋಡೆಗಳಲ್ಲಿ ಇದೇ ತಲೆನೋವು. ಆದರೆ 2 ಇಂಚಿನ ಹಲಗೆ ಹಾಕಿದ ಗೋಡೆ ಡ್ರೈವಾಲ್ ಸೇರಿ 8 ಇಂಚು ದಪ್ಪ. ಎಂದಿನ 6 9/16 ಇಂಚು ಆಳದ ಕಿಟಕಿ ಚೌಕಟ್ಟು ಗಿಡ್ಡವಾಗುತ್ತದೆ, ಆಳ ತುಂಬುವ ಪಟ್ಟಿ (ಜ್ಯಾಂಬ್ ಎಕ್ಸ್‌ಟೆನ್ಶನ್) ಮೊದಲೇ ಆರ್ಡರ್ ಮಾಡಿ. ಸೈಡಿಂಗ್ (ಹೊರಗೋಡೆಯ ಕೊನೆಯ ಹೊದಿಕೆ) ಮೊಳೆಯೂ ಫೋಮ್ ದಾಟಿ ಸ್ಟಡ್ ಮುಟ್ಟುವಷ್ಟು ಉದ್ದವಿರಲಿ. ಬುಡದಲ್ಲಿ ತೆರೆದಿರುವ ಫೋಮ್ ಅಂಚನ್ನು ಲೋಹದ ಪಟ್ಟಿಯಿಂದ ಮುಚ್ಚಿಸಿ, ಇರುವೆಗಳಿಗೆ ಅದು ಹೇಳಿ ಮಾಡಿಸಿದ ಗೂಡು.