ಇಟಲಿಯಲ್ಲಿ ಬಾಡಿಗೆ ಕಾರು ತಗೊಳ್ಳುವ ಮುಂಚೆ ಇದನ್ನು ಓದಿ

ಯುರೋಪ್ ಸುತ್ತಿ ಬಂದು ನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಯವರ ಕ್ರೆಡಿಟ್ ಕಾರ್ಡಿನಿಂದ ಮೂರು ಸಲ ಯೂರೋ ಲೆಕ್ಕದಲ್ಲಿ ದುಡ್ಡು ಹೋದ ಮೆಸೇಜ್ ಬಂತು. ಯಾರೋ ಮೋಸ ಮಾಡುತ್ತಿದ್ದಾರೆ ಅಂತ ಗಾಬರಿಯಾಗಿ ಕಾರ್ಡ್ ಬ್ಲಾಕ್ ಮಾಡಿಸಿದೆವು. ವಿಚಾರಿಸಿದರೆ, ಅದು ಕಾರು ಬಾಡಿಗೆ ಕೊಟ್ಟವರು ಹಿಡಿದುಕೊಂಡ ಹಣ. ನಮ್ಮ ಹೆಸರು, ವಿಳಾಸವನ್ನು ಅಲ್ಲಿನ ಪೊಲೀಸರಿಗೆ ಕೊಟ್ಟದ್ದಕ್ಕೆ ಅವರ ಚಾರ್ಜು ಅಷ್ಟೇ. ದಂಡ ಇನ್ನೂ ಬರಬೇಕಿತ್ತು.

ಬೊಲೋನ್ಯಾದಲ್ಲಿ ಕಾರು ತಗೊಂಡು, ಫ್ಲಾರೆನ್ಸ್, ಸಿಯೆನಾ ನೋಡಿಕೊಂಡು, ಉತ್ತರಕ್ಕೆ ಡೊಲೊಮೈಟ್ಸ್ ಬೆಟ್ಟಗಳಿಗೆ ಹೋಗುವುದು ನಮ್ಮ ಪ್ಲಾನ್ ಆಗಿತ್ತು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿದ್ದೆವು. ಇವರು ಬಹಳ ಜೋಪಾನವಾಗಿ ಓಡಿಸುವವರು, ಎಲ್ಲೂ ಸ್ಪೀಡ್ ಮೀರಲಿಲ್ಲ. ಪಕ್ಕದಲ್ಲಿ ಕೂತು ದಾರಿ ಹೇಳುತ್ತಿದ್ದವಳು ನಾನು. ಫ್ಲಾರೆನ್ಸ್‌ನಲ್ಲಿ ಮೊಬೈಲ್ ಮ್ಯಾಪ್ ನಮ್ಮನ್ನು ಸೀದಾ ಹೋಟೆಲ್ ಬಾಗಿಲಿಗೇ ಕರೆದುಕೊಂಡು ಹೋಯಿತು. ಲಗೇಜ್ ಇಳಿಸಿ, ಪಾರ್ಕಿಂಗ್ ಹುಡುಕುತ್ತಾ ಹೊರಗೆ ಹೋಗಿ ಮತ್ತೆ ಒಳಗೆ ಬಂದೆವು. ಆಗಲೇ ಎರಡು ತಪ್ಪಾಗಿತ್ತು. ಮೂರನೆಯದು ಸಿಯೆನಾದಲ್ಲಿ.

ಇಟಲಿಯ ಹಳೇ ಊರುಗಳ ನಡುಭಾಗಕ್ಕೆ ಹೊರಗಿನವರ ಕಾರು ಬಿಡುವುದಿಲ್ಲ. ಅಂಥ ಜಾಗವನ್ನು ಜೆಡ್‌ಟಿಎಲ್ ಅಂತಾರೆ. ಅಲ್ಲಿ ಗೇಟ್ ಇಲ್ಲ, ಕೈ ಅಡ್ಡ ಹಿಡಿಯುವ ಪೊಲೀಸರೂ ಇಲ್ಲ. ಕೆಂಪು ಅಂಚಿನ ಬಿಳಿ ವೃತ್ತದ ಒಂದು ಬೋರ್ಡು, ಒಂದು ಕ್ಯಾಮೆರಾ, ಅಷ್ಟೇ. ಹೊಸ ಊರಿನ ಇಕ್ಕಟ್ಟು ಬೀದಿಯಲ್ಲಿ ಹಿಂದೆ ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದರೆ ಆ ಬೋರ್ಡು ಕಣ್ಣಿಗೆ ಬೀಳುವುದೇ ಕಷ್ಟ. ಕೆಲವು ಊರುಗಳಲ್ಲಿ ದೀಪದ ಅಕ್ಷರದಲ್ಲಿ 'ವಾರ್ಕೊ ಅಟ್ಟಿವೊ' ಅಂತ ಬರುತ್ತದೆ. ಅಟ್ಟಿವೊ ಅಂದರೆ ಆಕ್ಟಿವ್, ಅಂದರೆ ದಾರಿ ತೆರೆದಿದೆ ಅಂತ ನಮಗೆ ಅನಿಸುತ್ತದೆ, ಅಲ್ವಾ? ಅರ್ಥ ಪೂರ್ತಿ ಉಲ್ಟಾ. ಕ್ಯಾಮೆರಾ ನೋಡುತ್ತಿದೆ, ಒಳಗೆ ಬರಬೇಡಿ ಅಂತ. 'ನಾನ್ ಅಟ್ಟಿವೊ' ಅಂತ ಇದ್ದರೆ ಮಾತ್ರ ಹೋಗಬಹುದು. ನಾವು ಹೋದಾಗ ಒಳಗೆ ಹೋದ ಪ್ರತಿ ಸಲಕ್ಕೂ ಬೇರೆ ಬೇರೆ ದಂಡ ಇತ್ತು.

ನನಗೆ ತುಂಬಾ ಬೇಜಾರಾಗಿದ್ದು ಹೋಟೆಲ್ ವಿಷಯಕ್ಕೆ. ಹೋಟೆಲ್ ಜೆಡ್‌ಟಿಎಲ್ ಒಳಗಿದ್ದರೆ ಅವರು ನಮ್ಮ ಕಾರಿನ ನಂಬರನ್ನು ನೋಂದಾಯಿಸಿ, ಲಗೇಜ್ ಇಳಿಸಲು ಅನುಮತಿ ಕೊಡಿಸಬಹುದಂತೆ. ರಿಸೆಪ್ಷನ್‌ನಲ್ಲಿ ನಗುನಗುತ್ತಾ ಕೀ ಕೊಟ್ಟರು, ನಂಬರ್ ಕೇಳಲೇ ಇಲ್ಲ. ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಬೆಟ್ಟದಲ್ಲಿ ಹಾಗಾಗಲಿಲ್ಲ. ಆಲ್ಪೆ ದಿ ಸಿಯುಸಿ ಹುಲ್ಲುಗಾವಲಿಗೆ ಹೋಗುವ ರಸ್ತೆಯಲ್ಲಿ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಖಾಸಗಿ ಕಾರು ಬಿಡುವುದಿಲ್ಲ. ಓರ್ಟಿಸೆಯಲ್ಲಿ ನಾವು ಉಳಿದಿದ್ದ ಮನೆಯ ಅಜ್ಜಿ ಮೊದಲೇ ಎಚ್ಚರಿಸಿದ್ದರು. ಕೆಳಗೆ ಸಿಯುಸಿ ಊರಲ್ಲೇ ಕಾರು ಬಿಟ್ಟು ಕೇಬಲ್ ಕಾರಿನಲ್ಲಿ ಹೋದೆವು. ಫ್ಲಾರೆನ್ಸ್‌ನಲ್ಲೂ ಹೀಗೇ ಮಾಡಬಹುದಿತ್ತು. ಎ1 ಹೆದ್ದಾರಿಯಿಂದಲೇ ನೇರ ಒಳಗೆ ಹೋಗಬಹುದಾದ ವಿಲ್ಲಾ ಕೊಸ್ಟಾಂಜಾ ಅನ್ನುವ ಪಾರ್ಕಿಂಗ್ ಇದೆ. ಅಲ್ಲಿಂದ ಟ್ರಾಮ್ ಊರೊಳಗಿನ ರೈಲ್ವೆ ಸ್ಟೇಷನ್ ಹತ್ತಿರ ಬಿಡುತ್ತದೆ. ಬರೀ ಊರುಗಳನ್ನು ನೋಡುವುದಾದರೆ ಕಾರೇ ಬೇಡ, ರೈಲು ಸಾಕು. ಬೆಟ್ಟಕ್ಕೆ ಹೊರಡುವ ದಿನ ಕಾರು ತಗೊಳ್ಳಿ.

ಹೋಗಿ ಬಂದವರಿಗೂ ಒಂದು ಮಾತು. ವಿದೇಶದವರಿಗೆ ನೋಟಿಸ್ ಕಳಿಸಲು ಅವರ ಕಾನೂನಿನಲ್ಲಿ 360 ದಿನ ಇದೆ. ಸದ್ಯ ಏನೂ ಬರಲಿಲ್ಲ ಅಂತ ಸುಮ್ನೆ ಇರಬೇಡಿ. ಬಾಡಿಗೆ ಕಾಗದ, ಹೋಟೆಲ್ ಬಿಲ್ಲು ಎತ್ತಿಡಿ. ನೋಟಿಸ್ ಕೈಸೇರಿದ 5 ದಿನದೊಳಗೆ ಕಟ್ಟಿದರೆ ದಂಡದಲ್ಲಿ ಶೇಕಡಾ 30 ಕಡಿಮೆಯಾಗುತ್ತದೆ. 60 ದಿನ ದಾಟಿದರೆ ಜಾಸ್ತಿಯಾಗುತ್ತದೆ. ನಮ್ಮ ರಿಜಿಸ್ಟರ್ಡ್ ಲಕೋಟೆಗಳು ಬಂದಾಗ ನಾವು ಮಗಳ ಬಾಣಂತನಕ್ಕೆ ಶಿವಮೊಗ್ಗಕ್ಕೆ ಹೋಗಿದ್ದೆವು. ಪಕ್ಕದ ಮನೆಯವರು ಸಹಿ ಹಾಕಿ ತೆಗೆದಿಟ್ಟಿದ್ದರು. ಮೈಸೂರಿಗೆ ವಾಪಸ್ ಬಂದು ಒಡೆದು ನೋಡುವಷ್ಟರಲ್ಲಿ ಆ 5 ದಿನ ಮುಗಿದಿತ್ತು. ಅಂಚೆ ಖರ್ಚು ಸೇರಿ ಒಂದೊಂದೂ ನೂರು ಯೂರೋ ದಾಟಿತ್ತು. ಮೂರನ್ನೂ ಪೂರ್ತಿ ಕಟ್ಟಿದೆವು.